ದೊರೆಯ ನಿದ್ದೆ, ಹೊನ್ನಜ್ಜಿಯ ಬಾಣಲೆ

ಕಾಗೆಗುಡ್ಡದ ದೊರೆ ಉಗ್ರಪ್ಪ ನಾಯಕ ಮಧ್ಯಾಹ್ನ ಗೊರಕೆ ಹೊಡೆದ್ರೆ ಕೋಟೆ ಮೇಲಿನ ಪಾರಿವಾಳಗಳು ಪಕ್ಕದ ರಾಜ್ಯಕ್ಕೆ ಗುಳೆ ಹೋಗ್ತಿದ್ವು. ಗುರುವಾರ ಮಾತ್ರ ಅವಕ್ಕೆ ರಜ. ಯಾಕಂದ್ರೆ ಗುರುವಾರ ಅರಮನೆ ಗೋಡೆ ಪಕ್ಕದಲ್ಲೇ ಸಂತೆ. ಆ ಗದ್ದಲದಲ್ಲಿ ದೊರೆಗೆ ನಿದ್ದೆ ಎಲ್ಲಿಂದ ಬರಬೇಕು?

ನಿದ್ದೆಗೆಟ್ಟ ದೊರೆ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡ್ತಿದ್ದ. ಕೆಳಗೆ ಹೊನ್ನಜ್ಜಿ ಬಾಣಲೆಯಿಂದ ತೆಗೆದು ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ತುಂಬಿಸ್ತಿದ್ಲು. ಲೆಕ್ಕಕ್ಕೆ ಇಪ್ಪತ್ತೊಂದು. ಕೊನೇದು ಒಳಗೆ ಹೋಗೋ ಹೊತ್ತಿಗೆ ದೊರೆ ಕಿವಿಯಿಂದ ಹೊಗೆ ಬರೋದು. ಕೆಳಗಿನ ಜನ ಅರಮನೆ ಒಲೆ ಹೊತ್ತಿಸಿದ್ರು ಅಂದ್ಕೊಳ್ಳೋರು.

ಒಂದು ದಿನ ದೊರೆ ತನ್ನ ಮಂತ್ರಿ ಮರುಳಯ್ಯನ್ನ ಕರೆಸಿದ. ಮರುಳಯ್ಯನ ಮೀಸೆ ಎಂಥದ್ದು ಅಂದ್ರೆ, ಆ ಕಡೆ ತುದೀಲಿ ಒಂದು ಗಿಳಿ, ಈ ಕಡೆ ತುದೀಲಿ ಒಂದು ಗಿಳಿ ಕೂತು ಜಗಳ ಆಡಬಹುದಿತ್ತು.

"ಮರುಳಯ್ಯ, ಸಂತೆ ಇನ್ಮೇಲೆ ಹುಣಸೆಬಯಲಲ್ಲಿ."

"ಅದು ಒಂದು ಹರದಾರಿ ಆಚೆ, ದೊರೆ! ಜನ ಮುಖ ಗಂಟಿಕ್ಕೊಳ್ತಾರೆ."

"ಹೇಳೋ ರೀತೀಲಿ ಹೇಳಿದ್ರೆ ಯಾರ ಮುಖವೂ ಗಂಟಾಗಲ್ಲ. ನಾನಾಗಿದ್ರೆ ಎಂಥವರನ್ನೂ ಒಪ್ಪಿಸಿಬಿಡ್ತಿದ್ದೆ. ನೀನು ಡಂಗುರ ಸಾರಿಸು. ಒಂದು ಸುಳ್ಳೂ ಆಡಬಾರದು. ಗುರುವಾರ ಸಂಜೆ ತನಕ ನನ್ನ ಸೀಮೇಲಿ ಒಂದೇ ಒಂದು ಮುಖ ಗಂಟಾದ್ರೂ ನಿನ್ನ ಮೀಸೆ ಹೋಯ್ತು ಅಂತ ತಿಳ್ಕೋ."

"ಮುಖ ಗಂಟಾದ್ರೆ ಸಂತೆ ಗತಿ?"

"ವಾಪಸ್ಸು ಬರಲಿ! ನಾನೇನು ರಾಕ್ಷಸನಾ?"

ಮರುಳಯ್ಯ ಮೀಸೆ ಒಂದ್ಸಲ ಸವರಿಕೊಂಡ. "ಹಾಗಾದ್ರೆ ಮೊದಲ ಡಂಗುರ ತಮಗೇ, ದೊರೆ. ಬರೋ ಗುರುವಾರ ಈ ಕಿಟಕಿ ಕೆಳಗೆ ನೊಣ ಹಾರಿದ ಸದ್ದೂ ಇರಲ್ಲ."

"ಭೇಷ್!" ಅಂದ ದೊರೆ, ಆಗಲೇ ಆಕಳಿಸ್ತಾ.

ಡಂಗುರ ಅಂದ್ರೆ ಊರಿಗೆಲ್ಲಾ ಒಂದೇ ಮಾತು. ಮರುಳಯ್ಯ ಅದನ್ನ ಬದಲಾಯಿಸಿದ, ಕೇರಿಗೊಂದು ಮಾತು ಹೊಲಿದ. ಗಾಡಿಯವರ ಕೇರೀಲಿ ತಮಟೆ ಬಡಿಸಿ, "ಇನ್ಮೇಲೆ ನಿಮ್ಮೆತ್ತು ಕೋಟೆ ಏರು ಹತ್ತಂಗಿಲ್ಲಪ್ಪೋ!" ಅಂತ ಸಾರಿಸಿದ. ಎತ್ತುಗಳೇ ಬಾಲ ಎತ್ತಿ ಕುಣಿದ್ವಂತೆ. ಬಳೆಗಾರರಿಗೆ, "ಹರದಾರಿ ನಡೆದು ಬಂದ ಹೆಂಗಸು ಬರೀ ಕೈಯಲ್ಲಿ ವಾಪಸ್ಸು ಹೋಗ್ತಾಳಾ?" ಅಂದ. ಅವರು ಅವತ್ತೇ ಹೊಸ ಬಳೆ ತಂದು ಮಲಾರ ಕಟ್ಟಿದ್ರು.

ಬಾವಿಕಟ್ಟೇಲಿ ಸೊಸೆಯಂದಿರು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ರು. "ಏನ್ ಮಾವಾ, ನಮ್ಮ ಕಾಲು ಸವೀಲಿ ಅಂತಾನಾ?"

"ಇಲ್ಲ ಕಣ್ರವ್ವ. ಹೋಗಿ, ಸಂತೆ ಸುತ್ತಿ ಬರೋಕೆ ಪೂರ್ತಿ ಒಂದು ದಿನ ಹಿಡಿಯುತ್ತೆ. ಪಾಪ, ನಿಮ್ಮತ್ತೆಯಂದಿರಿಗೆ ಅಷ್ಟು ದೂರ ನಡಿಯೋಕಾಗಲ್ಲ."

ಆಗ ಎದ್ದ ನಗುವಿಗೆ ಬಾವಿ ನೀರು ಮೇಲೆ ಬಂತು.

ಅತ್ತೆಯಂದಿರ ಜಗಲೀಲಿ ಅದೇ ಮಾತನ್ನ ಮಗುಚಿ ಹಾಕಿದ: "ಗುರುವಾರ ಹಗಲೆಲ್ಲಾ ಸೊಸೆ ಮನೇಲಿರಲ್ಲ. ಬೆಣ್ಣೆ ಗಡಿಗೆ ನಿಮ್ಮದು, ಕೀಲಿಕೈ ನಿಮ್ಮದು, ನಿದ್ದೇನೂ ನಿಮ್ಮದು."

ಕೊನೆಗೆ ಹೊನ್ನಜ್ಜಿ ಗುಡಿಸಲಿಗೆ ಬಂದ. ಅಲ್ಲಿ ತಮಟೆ ಬಡಿಸಲಿಲ್ಲ.

"ಊರಿಗೆಲ್ಲಾ ಬೆಲ್ಲ ಹಂಚಿದೆಯಂತೆ. ನನಗೇನು ತಂದೆಯಪ್ಪಾ?" ಅಂದ್ಲು ಅಜ್ಜಿ. "ಈ ಬಾಣಲೆ ನನಗಿಂತ ಭಾರ. ಹೊತ್ಕೊಂಡು ಹುಣಸೆಬಯಲಿಗೆ ಹೋದ್ರೆ ನಾನು ವಾಪಸ್ಸು ಬರಲ್ಲ. ಹೋಗದಿದ್ರೆ ಹೊಟ್ಟೆಗಿಲ್ಲ."

ಮರುಳಯ್ಯ ಬಾಣಲೆ ಕಡೆ ನೋಡಿದ, ಅಜ್ಜಿ ಕಡೆ ನೋಡಿದ. ಸುಳ್ಳಲ್ಲದ ಸಿಹಿ ಮಾತು ಒಂದೂ ಸಿಗಲಿಲ್ಲ.

"ಅಜ್ಜೀ, ನಿನಗೆ ಹೇಳೋಕೆ ನನ್ನ ಹತ್ರ ಏನೂ ಇಲ್ಲ. ಈ ಒಂದು ಗುರುವಾರ ಬಾಣಲೆ ಬೋರಲು ಹಾಕು. ಮುಖ ಮಾತ್ರ ಗಂಟು ಮಾಡ್ಕೋಬೇಡ. ನನ್ನ ಮೀಸೆ ನಿನ್ನ ಕೈಲಿದೆ."

"ಹಲ್ಲಿಲ್ಲದ ಬಾಯಿ, ನಕ್ಕರೂ ಅತ್ತರೂ ಒಂದೇ ಥರ ಕಾಣುತ್ತೆ. ಹೋಗು, ಹೆದರಬೇಡ," ಅಂದ್ಲು ಅಜ್ಜಿ.

ಗುರುವಾರ ಬಂತು. ದೊರೆ ಹೊಡೆದ ಗೊರಕೆಗೆ ಕೋಟೆಯ ಮೂರು ಕಲ್ಲು ಸಡಿಲಾದ್ವು. ಎದ್ದವನೇ ಅಭ್ಯಾಸಬಲದಿಂದ ಕಿಟಕಿಗೆ ಹೋಗಿ ಬುಟ್ಟಿ ಇಳಿಬಿಟ್ಟ. ಕಾದ. ಎಳೆದ. ಬುಟ್ಟೀಲಿ ಒಂದು ಒಣಗಿದೆಲೆ.

"ಮರುಳಯ್ಯಾ!"

ಮರುಳಯ್ಯ ಕಿಟಕಿ ಕೆಳಗೇ ನಿಂತಿದ್ದ. "ಅಪ್ಪಣೆ, ದೊರೆ."

"ಬಜ್ಜಿ ಎಲ್ಲಯ್ಯಾ?"

"ಸಂತೆ ಇದ್ದಲ್ಲಿ ಬಜ್ಜಿ. ಹುಣಸೆಬಯಲಿಗೆ ಬಾಣಲೆ ಹೊತ್ಕೊಂಡು ಹೋಗೋಕೆ ಅಜ್ಜಿಗಾಗಲಿಲ್ಲ. ಬಾಣಲೆ ಬೋರಲು ಬಿದ್ದಿದೆ."

"ಇದನ್ನ ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ಊರಿಗೆ ಹೇಗೆ ಹೇಳಿದೆನೋ ತಮಗೂ ಹಾಗೇ ಹೇಳಿದೆ. ನಿದ್ದೆ ಸಂಗತಿ ಹೇಳಿದೆ, ಬಜ್ಜಿ ಸಂಗತಿ ನುಂಗಿಕೊಂಡೆ. ಒಂದು ಸುಳ್ಳೂ ಆಡಲಿಲ್ಲ. ಆದ್ರೆ ದೊರೆ, ಸಂಜೆ ಇನ್ನೂ ಆಗಿಲ್ಲ, ಒಂದು ಮುಖ ಗಂಟಾಗಿಬಿಟ್ಟಿದೆ."

"ಯಾರದ್ದು?"

ಮರುಳಯ್ಯ ಕತ್ತೆತ್ತಿ ದೊರೆ ಮುಖವನ್ನೇ ನೋಡಿದ. ದೊರೆ ಹಣೆ ಮುಟ್ಟಿ ನೋಡ್ಕೊಂಡ. ಅಲ್ಲಿ ಎಂಥಾ ಗಂಟು ಅಂದ್ರೆ, ಬಿಡಿಸೋಕೆ ನೇಕಾರರನ್ನೇ ಕರೆಸಬೇಕಿತ್ತು.

"ಕ್ಷೌರಿಕನ್ನ ಕರೆಸಲಾ, ದೊರೆ? ಮೀಸೆ ಹೋಗಲಿ ಬಿಡಿ. ನಾಳೆ ಊರವರು ಯಾರ ಮುಖ ಗಂಟಾಯ್ತು ಅಂತ ಕೇಳ್ತಾರೆ. ನಾನಂತೂ ಸುಳ್ಳಾಡಂಗಿಲ್ಲ."

ದೊರೆ ಅತ್ತ ಇತ್ತ ನೋಡಿದ. "ಮೀಸೆ ಇರಲಿ. ಸಂತೆ ವಾಪಸ್ಸು ಬರಲಿ. ಅಜ್ಜಿಗೆ ಗೋಡೆ ಪಕ್ಕದಲ್ಲಿ ಕಲ್ಲಿನ ಒಲೆ ಕಟ್ಟಿಸಿಕೊಡು. ಆದ್ರೆ ಬಜ್ಜಿ ಅಂತ ಸಾರಬೇಡ ಮಾರಾಯ, ಮರ್ಯಾದೆ ಹೋಗುತ್ತೆ. 'ಪ್ರಜೆಗಳ ಸದ್ದು ಕೇಳದೆ ದೊರೆಗೆ ಸಮಾಧಾನವಿಲ್ಲ' ಅಂತ ಸಾರು."

"ಸುಳ್ಳಾಯ್ತಲ್ಲ?"

"ಹೇಗೆ ಸುಳ್ಳು? ಬಾಣಲೆ ಚುರ್ ಅನ್ನೋದು ಕೇಳದೆ ನನಗೆ ಸಮಾಧಾನ ಇದೆಯಾ? ಹೊನ್ನಜ್ಜಿ ಪ್ರಜೆ ತಾನೇ?"

ಮರುಳಯ್ಯ ಸೊಂಟ ಬಗ್ಗಿಸಿ ಕೈಮುಗಿದ. "ನನಗಿಂತ ಚೆನ್ನಾಗಿ ಹೊಲಿದ್ರಿ, ದೊರೆ! ಎಂಥವರನ್ನೂ ಒಪ್ಪಿಸ್ತೀನಿ ಅಂದಿದ್ದು ದಿಟ. ಹಾಗಾದ್ರೆ ಊರಿಗೆಲ್ಲಾ ನಾನು ಸಾರ್ತೀನಿ, ಒಂದು ಗುಂಪಿಗೆ ಮಾತ್ರ ತಾವೇ ಹೇಳ್ಬಿಡಿ."

"ಯಾವ ಗುಂಪು?"

ಆಗ ಹುಣಸೆಬಯಲ ದಾರೀಲಿ ಧೂಳೆದ್ದಿತು. ಕೈತುಂಬ ಹೊಸ ಬಳೆ, ತಲೆತುಂಬ ಹೂವು, ಊರಿನ ಅಷ್ಟೂ ಸೊಸೆಯಂದಿರು ಸಾಲಾಗಿ ಬರ್ತಿದ್ರು, ನಗ್ತಾ, ಹಾಡ್ತಾ.

"ಅವರಿಗೆ ಹೇಳಿ, ದೊರೆ. ಬರೋ ಗುರುವಾರದಿಂದ ಸಂತೆ ಮನೆ ಪಕ್ಕದಲ್ಲೇ, ಅತ್ತೇನೂ ಜೊತೇಲೇ ಅಂತ."

ಉಗ್ರಪ್ಪ ನಾಯಕ ಏಳು ಯುದ್ಧ ಗೆದ್ದವನು. ಹತ್ತಿರ ಬರ್ತಿದ್ದ ಸಾಲನ್ನ ಒಂದ್ಸಲ ನೋಡಿದ. ಕೈಯಲ್ಲಿದ್ದ ಚಿನ್ನದ ಉಂಗುರ ಕಳಚಿ ಬುಟ್ಟಿಗೆ ಹಾಕಿದ, ಹಗ್ಗ ಸರ್ರನೆ ಕೆಳಗೆ ಬಿಟ್ಟ.

"ಅದನ್ನೂ ನೀನೇ ಹೇಳಪ್ಪಾ," ಅಂದು ಕಿಟಕಿ ಹಾಕ್ಕೊಂಡ.