ಸುಮ್ಮನೆ ಬಂದವರು

“ಗುರುಗಳೇ, ನೀವು ಕಳಿಸಿದ ಊರಿನಲ್ಲಿ ಮೂರು ವರ್ಷ ದುಡಿದೆ. ಶಾಲೆ ನಡೆಸಿದೆ, ಕಾಯಿಲೆಯವರಿಗೆ ಔಷಧ ಕೊಟ್ಟೆ. ಆ ಜನ ನನಗೆ ಮರ್ಯಾದೆ ಕೊಡುತ್ತಾರೆ, ಆದರೆ ತಮ್ಮವನೆಂದು ಎಣಿಸುವುದಿಲ್ಲ. ಇನ್ನೇನು ಕೊಟ್ಟರೆ ಅವರು ನನ್ನವರಾದಾರು?”

ಶಿಷ್ಯನ ಈ ಪ್ರಶ್ನೆಗೆ ಗುರುಗಳು ಒಂದು ಕತೆ ಹೇಳಿದರು.

ಹಿಂದೆ ಚಳಿನಾಡಿನ ಒಬ್ಬ ಪಾದ್ರಿ ಹಡಗು ಹತ್ತಿ ನಮ್ಮ ಬಯಲುಸೀಮೆಯ ಒಂದು ಊರಿಗೆ ಬಂದ. ಜೊತೆಗೆ ಹೆಂಡತಿ ರೋಸಿನಾ, ಅವಳ ಕಂಕುಳಲ್ಲಿ ಒಂದು ಗಂಡುಕೂಸು. ಏಳು ವರ್ಷದ ಮಗಳು ಮಾರ್ಥಾ ಬರಲಿಲ್ಲ. ಹಾಲು ಕುಡಿಯುವ ಕೂಸನ್ನು ಒಯ್ಯಬಹುದು, ಓದುವ ವಯಸ್ಸಿನ ಮಗು ಸ್ವದೇಶದಲ್ಲೇ ಇರಬೇಕು ಎಂಬುದು ಅವರನ್ನು ಕಳಿಸಿದ ಮಂಡಳಿಯ ನಿಯಮವಾಗಿತ್ತು. ಮಾರ್ಥಾಳನ್ನು ಮಂಡಳಿ ನಡೆಸುವ ಮಕ್ಕಳ ಮನೆಯಲ್ಲಿ ಬಿಟ್ಟರು. ಹೊರಡುವ ದಿನ ಅಳಬಾರದೆಂದು ತಂದೆ ಹೇಳಿದ್ದ. ಹುಡುಗಿ ತುಟಿ ಕಚ್ಚಿಕೊಂಡು ನಿಂತಳು. ತಾಯಿಯೂ ಅಳಲಿಲ್ಲ. ದೇವರಿಗೆ ಕೊಟ್ಟದ್ದನ್ನು ನೆನೆದು ಅಳುವುದೆಂದರೆ ಅದನ್ನು ಹಿಂದಕ್ಕೆ ಕೇಳಿದ ಹಾಗೆ ಎಂದು ಪಾದ್ರಿ ನಂಬಿದ್ದ. ರೋಸಿನಾ ನಂಬಲು ಪ್ರಯತ್ನಿಸುತ್ತಿದ್ದಳು.

ಆ ಊರಿಗೆ ಬಂದ ಮೇಲೆ ಅವಳ ಕಾಲು ಒಂದು ಕಡೆ ನಿಲ್ಲದಾಯಿತು. ಗುಡಿಸಿದ ನೆಲವನ್ನೇ ಮತ್ತೆ ಗುಡಿಸುವಳು. ಮಡಿಸಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಿಸುವಳು. ಊರೆಲ್ಲ ನೆರಳು ಹುಡುಕಿ ಮಲಗಿದ ನಡುಹಗಲಲ್ಲಿ ಅವಳೊಬ್ಬಳು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆಯುತ್ತಿದ್ದಳು. ಕೂತರೆ ಸಾಕು, ತುಟಿ ಕಚ್ಚಿಕೊಂಡ ಮಗಳು ಕಣ್ಣೆದುರಿಗೆ ಬರುತ್ತಿದ್ದಳು.

ಕನ್ನಡ ಕಲಿಸಲು ಊರಿನ ಪಂತೋಜಿ ಬರುತ್ತಿದ್ದರು. ಸೇವೆಗೆ ಬಂದವರಿಗೆ ಮೊದಲು ಬೇಕಾದ ಮಾತು ಯಾವುದೆಂದು ಯೋಚಿಸಿ, ಪಾದ್ರಿಯೇ ಅದನ್ನು ಕೇಳಿ ಕಲಿತು ಹೆಂಡತಿಗೂ ಕಲಿಸಿದ. “ಏನು ಬೇಕು?” ಎಂಬುದು ಆ ಮಾತು.

ಹೊತ್ತು ಇಳಿದ ಮೇಲೆ ನಾಲ್ಕಾರು ಹೆಂಗಸರು ಬಂದು ಅವರ ಮನೆಯ ಜಗಲಿಯ ಮೇಲೆ ಕೂರುವುದು ರೂಢಿಯಾಯಿತು. ಪಕ್ಕದ ಮನೆಯ ಫಕೀರವ್ವ ಎಂಬ ನೇಕಾರರ ಹೆಂಗಸು ಅವರಲ್ಲಿ ಹಿರಿಯಳು. ರೋಸಿನಾ ಬಾಗಿಲಿಗೆ ಬಂದು ಕೇಳುವಳು.

“ಏನು ಬೇಕು?”

“ಏನೂ ಬ್ಯಾಡ್ರವ್ವ. ಸುಮ್ನ ಬಂದೀವಿ.”

ಅವಳು ಒಳಗೆ ಹೋಗಿ ರೊಟ್ಟಿಯನ್ನೋ ಔಷಧದ ಪುಡಿಯನ್ನೋ ಬಟ್ಟೆಯ ತುಂಡನ್ನೋ ತಂದುಕೊಡುವಳು. ಅವರು ತೆಗೆದುಕೊಂಡು ಪಕ್ಕಕ್ಕೆ ಇಟ್ಟುಕೊಂಡು ಹಾಗೆಯೇ ಕೂತಿರುವರು. ಇನ್ನೇನು ಬೇಕಾಗಿರಬಹುದು ಎಂದು ಅವಳು ಮತ್ತೆ ಒಳಗೆ ಓಡುವಳು. ಹೊರಗೆ ಅವರು ತಮ್ಮತಮ್ಮಲ್ಲೇ ನಗುವರು. ತನ್ನನ್ನು ಕಂಡೇ ನಗುತ್ತಾರೆಂದು ಅವಳ ಮುಖ ಕೆಂಪಾಗುವುದು.

ಸುಮ್ಮನೆ ಎಂದರೇನು ಎಂದು ಒಂದು ದಿನ ಗಂಡನ ಮೂಲಕ ಪಂತೋಜಿಯನ್ನು ಕೇಳಿದಳು. ಮಾತಿಲ್ಲದೆ ಇರುವುದೂ ಸುಮ್ಮನೆ, ಕೆಲಸವಿಲ್ಲದೆ ಇರುವುದೂ ಸುಮ್ಮನೆ, ಕಾರಣವಿಲ್ಲದೆ ಬರುವುದೂ ಸುಮ್ಮನೆ ಎಂದರು.

“ಕಾರಣವಿಲ್ಲದೆ ಯಾರೂ ಯಾರ ಮನೆಗೂ ಬರುವುದಿಲ್ಲ” ಎಂದಳು ರೋಸಿನಾ.

“ಹಾಗಾದರೆ ನಿಮ್ಮ ದೇಶದಲ್ಲಿ ಸಂಜೆ ಹೇಗೆ ಕಳೆಯುತ್ತದೆ ತಾಯಿ?” ಎಂದು ಪಂತೋಜಿ ನಿಜವಾಗಿಯೂ ತಿಳಿಯದೆ ಕೇಳಿದರು.

ಹೆಂಗಸರು ಒಮ್ಮೆ ಮಕ್ಕಳೆಷ್ಟು ಎಂದು ಕೇಳಿದರು. ರೋಸಿನಾ ತೊಟ್ಟಿಲ ಕಡೆ ನೋಡಿ, “ಒಂದೇ” ಎಂದಳು. ಎಲ್ಲವನ್ನೂ ಹೇಳುವಷ್ಟು ಮಾತು ಬರುತ್ತಿರಲಿಲ್ಲ. ಮಾತು ಬಂದಿದ್ದರೂ ಹೇಳುತ್ತಿರಲಿಲ್ಲ. ಹೆತ್ತವಳೇ ಬಿಟ್ಟುಬಂದಳು ಎಂದರೆ ಇವರು ಏನೆಂದಾರು? ಅಂದಿನಿಂದ ಆ ‘ಒಂದೇ’ ಎಂಬ ಮಾತು ಅವಳನ್ನು ಬಿಡಲಿಲ್ಲ. ಉಣ್ಣಲು ಕೂತರೂ ಅದೇ ಕೇಳಿಸುವುದು. ಕೊನೆಗೆ ಅವಳು ಗಂಡನಿಗೆ ನೇರವಾಗಿ ಹೇಳಿದಳು.

“ನಾನು ಹೋಗುತ್ತೇನೆ. ಇವರಿಗೆ ನಮ್ಮಿಂದ ಏನೂ ಬೇಡ. ದಿನವೂ ಕೇಳುತ್ತೇನೆ, ದಿನವೂ ಅದನ್ನೇ ಹೇಳುತ್ತಾರೆ.”

ಮಳೆಗಾಲ ಕಳೆದ ಮೇಲೆ ಬರುವ ಹಡಗಿನಲ್ಲಿ ಅವಳನ್ನು ಸ್ವದೇಶಕ್ಕೆ ಕಳಿಸುವುದಾಗಿ ಪಾದ್ರಿ ಒಪ್ಪಿದ. ಅವನ ಉಪದೇಶಕ್ಕೂ ಆ ಊರಿನಲ್ಲಿ ಕಿವಿಗೊಟ್ಟವರು ಇರಲಿಲ್ಲ. ಅವನು ಅದನ್ನು ಹೆಂಡತಿಯ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಮಳೆಗಾಲದ ಒಂದು ಸಂಜೆ ಹೆಂಗಸರು ಎಂದಿನಂತೆ ಬಂದರು. ಫಕೀರವ್ವ ತನ್ನ ಮಗಳು ಸಿದ್ದವ್ವನನ್ನು ಮುಂದೆ ಕೂರಿಸಿಕೊಂಡು ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು. ಹುಡುಗಿಗೆ ಏಳೋ ಎಂಟೋ ವರ್ಷ. ರೋಸಿನಾ ಎರಡು ಕೈಯಲ್ಲಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಎಣ್ಣೆ ಹಚ್ಚಿದ ಆ ಪುಟ್ಟ ತಲೆಯನ್ನು ಕಂಡಳು. ‘ಏನು ಬೇಕು’ ಎಂದು ಕೇಳಲಿಲ್ಲ. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಅಲ್ಲೇ ನೆಲದ ಮೇಲೆ, ಹೆಂಗಸರ ಮಧ್ಯೆ ಕೂತುಬಿಟ್ಟಳು. ಕೂತವಳು ಅಳತೊಡಗಿದಳು. ಸಣ್ಣದಾಗಿ ಅಲ್ಲ, ದನಿಯೆತ್ತಿ ಅತ್ತಳು.

ಯಾರೂ ಏನಾಯಿತೆಂದು ಕೇಳಲಿಲ್ಲ. ಒಬ್ಬಳು ಒಳಗೆ ಹೋಗಿ, ಎಚ್ಚರವಾಗಿದ್ದ ಕೂಸನ್ನು ಎತ್ತಿಕೊಂಡು ಬಂದಳು. ಅಳು ಇಳಿದ ಮೇಲೆ ರೋಸಿನಾ ತನಗೆ ಬರುವ ಕನ್ನಡದಲ್ಲಿ ಹೇಳಿದಳು.

“ಒಂದು ಅಲ್ಲ. ಎರಡು. ಮಗಳು ಇದ್ದಾಳೆ. ಬಿಟ್ಟು ಬಂದೆ.”

ಬೈಗುಳಕ್ಕೆ ಕಾಯುವವಳ ಹಾಗೆ ತಲೆ ಬಗ್ಗಿಸಿದಳು. ಫಕೀರವ್ವ ಸಿದ್ದವ್ವನ ಕೂದಲನ್ನು ಬೈತಲೆ ತೆಗೆದು ಎರಡು ಪಾಲು ಮಾಡಿದಳು. ಒಂದು ಪಾಲನ್ನು ರೋಸಿನಾಳ ಕೈಗೆ ಕೊಟ್ಟಳು.

“ಹೆಣೀರಿ” ಎಂದಳು. “ಆಕಿ ಹೆಸರೇನು?”

ರೋಸಿನಾ ಹೆಸರು ಹೇಳುತ್ತ ಹೆಣೆದಳು. ಅವಳ ಪಾಲಿನ ಜಡೆ ಅತಿ ಬಿಗಿಯಾಯಿತು. ಸಿದ್ದವ್ವ ನೋವೆಂದು ಕೂಗಿದಳು. ಎಲ್ಲರೂ ನಕ್ಕರು. ಹಿಂದೆ ಜಗಲಿಯಲ್ಲಿ ನಕ್ಕದ್ದೂ ಇದೇ ನಗು, ಹಂಗಿಸಿದ್ದಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು.

ಆ ಮೇಲೆ ಅವರು ಜಗಲಿಯಲ್ಲಿ ನಿಲ್ಲದೆ ನೇರ ಅಡುಗೆಮನೆಗೇ ಬಂದರು. ಮಾರ್ಥಾ ಅವರ ಬಾಯಲ್ಲಿ ಮಾರ್ತವ್ವ ಆದಳು. “ಅಲ್ಲಿ ಈಗ ಎಷ್ಟೊತ್ತು? ಮಾರ್ತವ್ವ ಉಂಡಿರತಾಳೇನು?” ಎಂದು ಕೇಳುವರು. ಹಬ್ಬಕ್ಕೆ ಹೋಳಿಗೆ ಮಾಡಿದವರು ಹಂಚುವಾಗ ಅವಳ ಹೆಸರಿಗೂ ಒಂದು ಇಡುವರು. ಅದನ್ನು ರೋಸಿನಾಳೇ ತಿನ್ನಬೇಕು. ಒಂದು ದಿನ ಫಕೀರವ್ವ ಬೀದಿಯಲ್ಲೇ ಪಾದ್ರಿಯನ್ನು ತಡೆದು, “ಮಗಳು ಹ್ಯಾಂಗದಾಳ?” ಎಂದು ಕೇಳಿದಳು. ಆ ದೊಡ್ಡ ಗಂಟಲಿನ ಮನುಷ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಮರುದಿನ ಫಕೀರವ್ವನ ಗಂಡ ಬಂದು ಅವನನ್ನು ಮಗ್ಗದ ಮನೆಗೆ ಕರೆದುಕೊಂಡು ಹೋದ. ಅಲ್ಲಿ ಅವನು ಉಪದೇಶ ಮಾಡಲಿಲ್ಲ. ಸಂಜೆಯವರೆಗೆ ಕೂತು ಬಂದ.

ಹಡಗು ಬಂತು, ಹೋಯಿತು. ರೋಸಿನಾ ಹತ್ತಲಿಲ್ಲ. ಅವಳ ತಳಮಳ ಹೋಯಿತೆಂದು ತಿಳಿಯಬೇಡ. ಮಗಳನ್ನು ಕಳಿಸಿಕೊಡಿ ಎಂದು ಗಂಡಹೆಂಡತಿ ಮತ್ತೆ ಮತ್ತೆ ಕೇಳಿಕೊಂಡರು, ಮಂಡಳಿಯವರು ಒಪ್ಪಲಿಲ್ಲ. ನಡುಹಗಲಲ್ಲಿ ಅವಳು ಈಗಲೂ ಕೋಣೆಯಿಂದ ಕೋಣೆಗೆ ನಡೆಯುತ್ತಿದ್ದಳು. ಆದರೆ ಆ ಹೆಜ್ಜೆಯ ಸದ್ದು ಯಾಕೆಂದು ಪಕ್ಕದ ಮನೆಗೆ ಗೊತ್ತಿತ್ತು. ಒಬ್ಬರಲ್ಲ ಒಬ್ಬರು ಎದ್ದು ಬರುತ್ತಿದ್ದರು.

ಮಾರ್ಥಾ ಆ ಊರಿಗೆ ಬಂದದ್ದು ಓದು ಮುಗಿದ ಮೇಲೆ, ದೊಡ್ಡ ಹುಡುಗಿಯಾಗಿ. ಬಂಡಿಯಿಂದ ಇಳಿದವಳಿಗೆ ಎದುರಿಗೆ ನಿಂತ ಹೆಂಗಸರಲ್ಲಿ ತಾಯಿ ಯಾರೆಂದು ಥಟ್ಟನೆ ಗುರುತು ಸಿಗಲಿಲ್ಲ. ತಾಯಿಯೂ ಆ ದೊಡ್ಡ ಹುಡುಗಿಯಲ್ಲಿ ತನ್ನ ಏಳು ವರ್ಷದವಳನ್ನು ಹುಡುಕುತ್ತಿದ್ದಳು. ತಲೆ ನರೆತಿದ್ದ ಫಕೀರವ್ವ ಮುಂದೆ ಬಂದು, ಕತ್ತಲಾದ ಮೇಲೆ ಮನೆಗೆ ಬಂದ ಮಗಳನ್ನು ಗದರುವ ಹಾಗೆ ಗದರಿದಳು.

“ಎಷ್ಟೊತ್ತು ಮಾಡಿದಿ, ಮಾರ್ತವ್ವ!”

ಹುಡುಗಿಗೆ ಭಾಷೆ ತಿಳಿಯಲಿಲ್ಲ. ಆದರೂ ಕಚ್ಚಿಕೊಂಡಿದ್ದ ತುಟಿ ಬಿಟ್ಟು ಅತ್ತಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಆ ಊರಿನಲ್ಲಿ ಕೊನೆಗೆ ಎಷ್ಟು ಜನ ಪಾದ್ರಿಯ ಮಾತು ಕೇಳಿದರು?”

“ಅದು ನನಗೆ ಗೊತ್ತಿಲ್ಲ” ಎಂದರು ಗುರುಗಳು. “ಮೂರು ವರ್ಷ ಇದ್ದೆಯಲ್ಲ, ನಿನ್ನ ದುಃಖ ಏನೆಂದು ಆ ಊರಿನಲ್ಲಿ ಯಾರಿಗೆ ಗೊತ್ತು?”