ಹಸಿರಾಗಿ ನಿಂತ ಸಜ್ಜೆ

ಹಳ್ಳದ ದಂಡೆಯಲ್ಲಿ ಒಂದು ಮಠ. ಮಠಕ್ಕೊಂದು ಹೊಲ. ಸುತ್ತಲ ಊರುಗಳಿಗೆ ಸಜ್ಜೆಯ ಬೀಜ ಹೋಗುತ್ತಿದ್ದುದು ಆ ಹೊಲದಿಂದಲೇ.

ಮಳೆ ಕೈಕೊಟ್ಟ ವರ್ಷವೂ ಆ ಬೀಜ ಕಾಳು ಕಟ್ಟುತ್ತಿತ್ತು. ಯಾವ ಗಿಡದ ತೆನೆ ಬೀಜಕ್ಕೆ, ಯಾವುದು ಊಟಕ್ಕೆ ಎಂದು ಆರಿಸುವವರು ಗುರು ರೇವಯ್ಯ. ಆ ಕೆಲಸವನ್ನು ಅವರು ಬೇರೆ ಯಾರಿಗೂ ಬಿಟ್ಟವರಲ್ಲ.

ಒಂದು ವರ್ಷ ಬಿತ್ತನೆಯಾದ ಮೇಲೆ ಹೋದ ಮಳೆ ತಿರುಗಿ ಬರಲಿಲ್ಲ. ಅದೇ ಹೊತ್ತಿಗೆ ಗುರುಗಳು ಜ್ವರದಿಂದ ಮಲಗಿದರು.

ಶಿಷ್ಯ ಕರಿವೀರ ಹಾಸಿಗೆಯ ಬಳಿ ಬಂದು ಕೂತ.

“ಗುರುಗಳೇ, ಸಜ್ಜೆ ಹೂವಿಗೆ ಬಂದಿದೆ. ಬೀಜದ ಗಿಡಗಳನ್ನು ನಾನು ಗುರುತು ಮಾಡಲೇ?”

“ಮಾಡು. ನೀರಿಲ್ಲದ ವರ್ಷವೇ ಬೀಜ ಆರಿಸುವ ವರ್ಷ.”

“ಯಾವುದನ್ನು ಆರಿಸಲಿ?”

“ಬರವನ್ನು ಗೆದ್ದದ್ದನ್ನು.”

ಅಷ್ಟು ಹೇಳಿ ಗುರುಗಳು ಜ್ವರದ ಮಂಪರಿಗೆ ಜಾರಿದರು. ಕರಿವೀರ ಮತ್ತೆ ಕೇಳಲಿಲ್ಲ.

ನಡುಮಧ್ಯಾಹ್ನ ಹೊಲಕ್ಕೆ ಹೋದ. ಬಹುಪಾಲು ಗಿಡಗಳು ಎಲೆಗಳನ್ನು ಸುರುಳಿ ಸುತ್ತಿಕೊಂಡು ಬಾಡಿ ನಿಂತಿದ್ದವು. ನಡುನಡುವೆ ಕೆಲವು ಮಾತ್ರ ಎಲೆ ಅಗಲಿಸಿಕೊಂಡು ಹಚ್ಚಗಿದ್ದವು.

ಕರಿವೀರನಿಗೆ ಸಂಶಯವೇ ಬರಲಿಲ್ಲ. ಹಸಿರು ಗಿಡಗಳಿಗೆ ದಾರ ಕಟ್ಟಿದ.

ಸುತ್ತಲ ಊರುಗಳ ದನಗಳು ಮೇವಿಲ್ಲದೆ ಮೂಳೆಚಕ್ಕಳವಾಗಿದ್ದವು. ಹೇಗೂ ಸಾಯುವ ಗಿಡ, ದನಗಳ ಹೊಟ್ಟೆಗಾದರೂ ಆಗಲಿ ಎಂದು ಬಾಡಿದ್ದನ್ನೆಲ್ಲ ಕೊಯ್ದು ಹಂಚಿದ. ಜನ ಕೈಮುಗಿದು ಒಯ್ದರು.

ಗುರುಗಳು ಎದ್ದು ಓಡಾಡುವಷ್ಟರಲ್ಲಿ ಸುಗ್ಗಿ ಬಂದಿತ್ತು. ಕೋಲೂರಿಕೊಂಡು ಹೊಲಕ್ಕೆ ಬಂದರು. ದಾರ ಕಟ್ಟಿದ ಗಿಡಗಳು ಇನ್ನೂ ಹಸಿರಾಗಿದ್ದವು. ಒಂದು ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ ಊದಿದರು.

ಅಂಗೈ ಖಾಲಿಯಾಯಿತು.

ಇನ್ನೊಂದು ತೆನೆ. ಅದೂ ಜೊಳ್ಳು.

“ಉಳಿದವು ಎಲ್ಲಿ, ಕರಿವೀರ?”

“ಬಾಡಿದ್ದವು ಗುರುಗಳೇ. ಮೇವಿಗೆ ಕೊಟ್ಟೆ.”

“ಬಾಡಿದ್ದನ್ನು ಯಾವಾಗ ನೋಡಿದೆ?”

“ಮಧ್ಯಾಹ್ನ.”

“ಸಂಜೆ?”

“ನೋಡಲಿಲ್ಲ.”

“ಬೆಳಗಿನ ತಂಪಿನಲ್ಲಿ?”

“ಆಗಲೂ ಇಲ್ಲ.”

ಗುರುಗಳು ಬದುವಿನ ಮೇಲೆ ಕೂತರು. “ಅವು ಬಿಸಿಲಿಗೆ ಮೈ ಮುದುಡಿಕೊಂಡು ನೀರು ಉಳಿಸುತ್ತಿದ್ದವು. ಸಂಜೆ ಬಿಚ್ಚಿಕೊಳ್ಳುತ್ತಿದ್ದವು. ಇವು ಇದ್ದ ನೀರನ್ನೆಲ್ಲ ಎಲೆಗೇ ಸುರಿದುಕೊಂಡವು. ಕಾಳಿಗೆ ಏನೂ ಉಳಿಸಲಿಲ್ಲ. ಗೆದ್ದದ್ದನ್ನು ಆರಿಸು ಎಂದೆ. ಗೆಲುವು ಎಂದರೇನು ಅಂತ ಹೇಳದೆ ಮಲಗಿಬಿಟ್ಟೆ.”

ಹೊಲದ ಮೂಲೆಯಲ್ಲಿ ಕುಡುಗೋಲು ತಾಗದ ಕೆಲವು ಬಾಡಿದ ಗಿಡಗಳು ಉಳಿದಿದ್ದವು. ಗುರುಗಳು ಅತ್ತ ನಡೆದು ಒಂದು ತೆನೆ ತಿಕ್ಕಿದರು. ಗಟ್ಟಿ ಕಾಳು. ಕರಿವೀರನ ಮುಖ ಅರಳಿತು.

ಪಕ್ಕದ ಗಿಡದ ತೆನೆ ತಿಕ್ಕಿದರು. ಜೊಳ್ಳು.

“ಇದೂ ಬಾಡಿತ್ತಲ್ಲ ಗುರುಗಳೇ?”

“ಇದು ಬರೀ ಬಾಡಿತ್ತು. ಸಂಜೆಗೆ ಬಿಚ್ಚಿಕೊಂಡಿರಲಿಕ್ಕಿಲ್ಲ” ಎಂದರು ಗುರುಗಳು.

ಮೂಲೆಯನ್ನೆಲ್ಲ ಜಾಲಾಡಿದರೂ ಸಿಕ್ಕಿದ್ದು ಒಂದು ಬೊಗಸೆ ಕಾಳು.

ಬಿತ್ತನೆಗೆ ಮುಂಚೆ ಹಳ್ಳದಾಚೆಯ ಊರಿನ ತಂಗೆವ್ವ ಬಂದಳು. ಹೆಗಲ ಮೇಲೆ ಖಾಲಿ ಚೀಲ.

“ಅಪ್ಪಾರ, ಬೀಜಕ್ಕ ಬಂದೀನ್ರಿ. ಊರ ಮಂದಿಯೆಲ್ಲ ನಿಮ್ಮ ಸಜ್ಜಿ ಹಾದಿ ಕಾಯಾಕತ್ತಾರ.”

ಗುರುಗಳು ಬಾಯಿ ತೆರೆಯುವ ಮೊದಲೇ ಕರಿವೀರ ಎದ್ದು ನಿಂತ.

“ಅವ್ವಾ, ಬೀಜ ಇಲ್ಲ. ತಿಳಿಯದೆ ನಾನೇ ಕೊಯ್ದು ಮೇವಿಗೆ ಹಾಕಿದೆ.”

ತಂಗೆವ್ವ ಹೆಗಲ ಮೇಲಿನ ಚೀಲ ಕೆಳಗಿಳಿಸಿದಳು.

“ನಮ್ಮ ಎಮ್ಮಿ ಉಳಿದದ್ದು ಅದರಿಂದನ ತಮ್ಮಾ. ಬಿಡು, ಮನಸಿಗೆ ಹಚ್ಚಿಕೋಬ್ಯಾಡ.”

ಅವಳು ಬೈದಿದ್ದರೆ ಕರಿವೀರ ತಡೆದುಕೊಳ್ಳುತ್ತಿದ್ದ. ಈ ಮಾತು ಕೇಳಿ ಮುಖ ತಿರುಗಿಸಿಕೊಂಡ.

ಗುರುಗಳು ಒಳಗಿನಿಂದ ಆ ಬೊಗಸೆ ಕಾಳು ತಂದು ಅವಳಿಗೇ ಕೊಟ್ಟರು. “ಇದನ್ನು ಬಿತ್ತು ತಾಯಿ. ತಿನ್ನಬೇಡ, ಮಾರಬೇಡ. ಬೆಳೆದದ್ದರಲ್ಲಿ ನಮಗೊಂದು ಹಿಡಿ ತಂದುಕೊಡು.”

ತಂಗೆವ್ವ ಅದನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು. ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹಳ್ಳ ದಾಟಿದಳು.

ಅವಳು ಮರೆಯಾಗುವ ತನಕ ಕರಿವೀರ ನೋಡುತ್ತಲೇ ಇದ್ದ. ಆಮೇಲೆ ಗುರುಗಳ ಪಾದ ಮುಟ್ಟಿದ.

“ಬುದ್ಧಿ ಬಂತು ಗುರುಗಳೇ. ಇನ್ನು ಮುಂದೆ ಹಸಿರು ಗಿಡದ ಕಡೆ ತಿರುಗಿಯೂ ನೋಡುವುದಿಲ್ಲ. ಬಾಡಿದ್ದನ್ನೇ ಆರಿಸುತ್ತೇನೆ.”

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ಹಾಗಾದರೆ ಮಗು, ಮುಂದಿನ ಸಲ ಸೆರಗಿಗೆ ಕಟ್ಟುವಷ್ಟೂ ಉಳಿಯಲಿಕ್ಕಿಲ್ಲ.”