ದುಭಾಷಿಗಿಂತ ಮೊದಲೇ ಬಂದ ನಗು

"ಪರದೇಶದವರು ಆ ನಾಡು ಬಿಟ್ಟುಹೋಗಿ ಎಷ್ಟೋ ವರ್ಷಗಳಾದವು. ಕಾದಂಬರಿ ಓದುವ ಮೊದಲು ಅವರ ಆಳ್ವಿಕೆಯ ಪಾಠ ಏಕೆ ಮಾಸ್ತರೇ?" ಎಂದು ವೇದವತಿ ಕೇಳಿದಳು. ಅಂದು ತರಗತಿಯಲ್ಲಿ ಆಫ್ರಿಕಾದ ಒಂದು ಕಾದಂಬರಿ ಶುರುವಾಗಬೇಕಿತ್ತು. ಮಾಸ್ತರರು ಪುಸ್ತಕ ಮುಚ್ಚಿಟ್ಟು ಕತೆ ಹೇಳಿದರು.

ಆ ನಾಡಿನಲ್ಲಿ ಒಬ್ಬ ರೈತ ಹೆಂಗಸಿದ್ದಳು. ಮೂರು ವರ್ಷ ಜೋಳ ಬೆಳೆದ ಹೊಲವನ್ನು ಎರಡು ವರ್ಷ ಬೀಳು ಬಿಡುವುದು ಅವಳ ಹಿರಿಯರ ಪದ್ಧತಿ. ಅವಳು ಹಾಗೆ ಬಿಟ್ಟಿದ್ದಾಗ ಒಬ್ಬ ವ್ಯಾಪಾರಿ ಬಂದು ಬೇಲಿ ಹಾಕಿದ. ತೊರೆದುಹೋದ ಭೂಮಿಗೆ ಒಡೆಯರಿಲ್ಲವೆಂದು ಪರದೇಶದವರು ಬರೆದಿಟ್ಟ ಕಾನೂನು ಇನ್ನೂ ಜಾರಿಯಲ್ಲಿತ್ತು. ಹೆಂಗಸು ನ್ಯಾಯಾಲಯಕ್ಕೆ ಹೋದಳು.

ಅಲ್ಲಿ ನಡೆಯುವುದೆಲ್ಲ ಪರದೇಶದವರ ಭಾಷೆಯಲ್ಲಿ. ಅವಳಿಗೆ ಅದು ಬಾರದು. ಒಬ್ಬ ದುಭಾಷಿಯನ್ನು ಕೊಟ್ಟರು.

"ಹೊಲ ದಣಿದಿತ್ತು, ಮಲಗಿಸಿದ್ದೆ," ಎಂದಳು.

ದುಭಾಷಿ ಒಂದೇ ಪದದಲ್ಲಿ ಅದನ್ನು ಮುಗಿಸಿದ. ಗುಮಾಸ್ತ ಬರೆದುಕೊಂಡ. ಅದು ಏನೆಂದು ಅವಳಿಗೆ ತಿಳಿಯಲಿಲ್ಲ. ಆದರೆ ವ್ಯಾಪಾರಿಯ ಮುಖ ಅರಳಿದ್ದು ಕಂಡಿತು. ಹೊಲ ಕೈತಪ್ಪಿತೆಂದು ಅವಳಿಗೆ ಅನಿಸಿತು. ಸಿಟ್ಟು ತಡೆಯಲಾಗಲಿಲ್ಲ.

"ಈ ಮಹಾಶಯ ಮಧ್ಯಾಹ್ನ ಉಂಡು ಗೊರಕೆ ಹೊಡೆಯುವಾಗ ನಾನು ಹೋಗಿ ಅವನ ಗಲ್ಲಾದ ಮೇಲೆ ಕೂತರೆ ಅಂಗಡಿ ನನ್ನದಾಗುತ್ತದೇನು?"

ದುಭಾಷಿ ಇನ್ನೂ ಬಾಯಿ ತೆರೆದಿರಲಿಲ್ಲ. ಪೀಠದ ಮೇಲಿದ್ದ ನ್ಯಾಯಾಧೀಶರು ನಕ್ಕುಬಿಟ್ಟರು. ತಕ್ಷಣ ಮುಖ ಬಿಗಿಮಾಡಿಕೊಂಡರೂ ಅವಳು ನೋಡಿಯಾಗಿತ್ತು.

"ಸ್ವಾಮಿ, ನನ್ನ ಮಾತಿನಲ್ಲಿ ನಗಲು ನಿಮಗೆ ಬರುತ್ತದೆ. ನ್ಯಾಯವನ್ನೂ ಅದರಲ್ಲೇ ಹೇಳಿ!"

ನ್ಯಾಯಾಧೀಶರು ತಲೆ ತಗ್ಗಿಸಿದರು. ಆಮೇಲೆ ದುಭಾಷಿಗೆ ಕುಳಿತುಕೊಳ್ಳಲು ಸನ್ನೆ ಮಾಡಿ, ತಮ್ಮ ಹುಟ್ಟಿದೂರಿನ, ಅವಳದೂ ಆದ ಮಾತಿನಲ್ಲಿ ಕೇಳಿದರು: "ಮತ್ತೆ ಯಾವಾಗ ಬಿತ್ತಬೇಕೆಂದಿದ್ದೆ ತಾಯಿ?"

"ಈ ಮಳೆಗೇ."

"ತೊರೆದಿದ್ದಳು ಎಂದು ಬರೆದಿರುವುದನ್ನು ಹೊಡೆದುಹಾಕು," ಎಂದು ಅವರು ಗುಮಾಸ್ತನಿಗೆ ಹೇಳಿದರು. "ಮಲಗಿಸಿದ್ದಳು ಎಂದು ಬರೆ. ಅವಳು ಅಂದ ಹಾಗೆಯೇ ಬರೆ."

ಸಂಜೆಯೊಳಗೆ ಬೇಲಿ ಕಿತ್ತರು. ಮೊದಲ ಮಳೆಗೆ ಅವಳು ಬಿತ್ತಿದಳು. ಅಂದಿನಿಂದ ಆ ನ್ಯಾಯಾಲಯದ ಮುಂದೆ ತಮ್ಮ ಮಾತಿನಲ್ಲೇ ದೂರು ಹೇಳುವವರ ಸಾಲು ದಿನದಿನಕ್ಕೆ ಉದ್ದವಾಯಿತು.

ವೇದವತಿ ಹಿಗ್ಗಿದಳು. "ಅಂತೂ ಪರದೇಶದವರನ್ನು ಎದುರಿಗೇ ನಿಂತು ಸೋಲಿಸಿದಳು ಅನ್ನಿ!"

ಮಾಸ್ತರರು ಹೇಳಿದರು: "ಆ ನ್ಯಾಯಾಲಯದಲ್ಲಿ ಅಂದು ಪರದೇಶದವರು ಒಬ್ಬರೂ ಇರಲಿಲ್ಲ, ಮಗು."